ತಿಳಿಯುವ ಭಾಷೆಯ ಆರಾಧನೆ

ಪರದೇಶದ ನಗರವೊಂದರ ಮೌಂಟ್ ರಾಸ್ಕಿಲ್ ಬಡಾವಣೆಯ ಕನ್ನಡ ಕ್ರೈಸ್ತ ಸಭೆ ಹುಟ್ಟಿದ್ದೇ ಒಂದು ಜಗಳದಿಂದ. ಜಗಳ ತೆಗೆದವನು ಬೆಟಗೇರಿಯ ಹನೋಕ. ಅದೇ ನಗರದ ಈಸ್ಟ್ ತಮಾಕಿ ಎಂಬಲ್ಲಿನ ಒಂದು ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದ. ಊರಲ್ಲಿದ್ದಾಗ ಅಯ್ಯನವರಾಗಿ ಸಭೆ ನಡೆಸಬೇಕೆಂದು ದೇವಶಾಸ್ತ್ರ ಓದಲು ಸೇರಿ, ಅರ್ಧಕ್ಕೇ ಬಿಟ್ಟುಬಂದಿದ್ದ. ಆ ಓದಿನಲ್ಲಿ ಅವನ ಎದೆಗೆ ಇಳಿದವನು ಒಬ್ಬನೇ, ಆರುನೂರು ವರ್ಷಗಳಾಚೆಯ ಇಂಗ್ಲೆಂಡಿನ ಪಾದ್ರಿ ಜಾನ್ ವಿಕ್ಲಿಫ್. ಲ್ಯಾಟಿನ್ನಿನಲ್ಲಷ್ಟೇ ಓದುತ್ತಿದ್ದ ಸತ್ಯವೇದವನ್ನು, ಅಂದರೆ ಬೈಬಲನ್ನು, ಜನರ ಇಂಗ್ಲಿಷಿಗೆ ತರಿಸಿದವನು.

ಮೊದಲು ಹನೋಕ ಮತ್ತು ಅವನ ಹೆಂಡತಿ ಸುಶೀಲಾ ಮನೆ ಹತ್ತಿರದ ಇಂಗ್ಲಿಷ್ ಸಭೆಗೆ ಹೋಗುತ್ತಿದ್ದರು. ಸುಶೀಲಾ ವೃದ್ಧಾಶ್ರಮದಲ್ಲಿ ಬಟ್ಟೆ ಒಗೆಯುವ ಕೆಲಸಕ್ಕಿದ್ದಳು. ಆ ಕೆಲಸಕ್ಕೆ ಬೇಕಾದಷ್ಟು ಇಂಗ್ಲಿಷ್ ಅವಳಿಗೆ ಬರುತ್ತಿತ್ತು, ಆರಾಧನೆಯಲ್ಲಿ ಅಯ್ಯನವರು ಮಾಡುವ ಪ್ರಸಂಗ ತಿಳಿಯುವಷ್ಟು ಬರುತ್ತಿರಲಿಲ್ಲ. ಎಲ್ಲರೂ ಎದ್ದಾಗ ಏಳುತ್ತಿದ್ದಳು, ಕೂತಾಗ ಕೂರುತ್ತಿದ್ದಳು, ಉಳಿದ ಹೊತ್ತು ಎದುರಿನ ಗೋಡೆ ನೋಡುತ್ತಿದ್ದಳು. 2011ರ ಚಳಿಗಾಲದ ಒಂದು ಭಾನುವಾರ ಕಾರಿನಲ್ಲಿ ಗಂಡನಿಗೆ ಹೇಳಿದಳು: "ಇವತ್ತೂ ಗ್ವಾಡಿ ನೋಡ್ಕೋತ ಕುಂತು ಎದ್ದು ಬಂದೆ ನೋಡ್ರಿ."

ಮಧ್ಯಾಹ್ನದ ಹೊತ್ತು ಒಂದು ಕನ್ನಡ ಆರಾಧನೆಗೆ ಜಾಗ ಕೊಡಿ ಎಂದು ಹನೋಕ ಸಭೆಯ ಹಿರಿಯರನ್ನು ಕೇಳಿದ. ನಾವೆಲ್ಲ ಒಂದೇ ಕುಟುಂಬ, ಒಡೆಯುವುದು ಬೇಡ ಎಂದು ಅವರು ನಯವಾಗಿಯೇ ಹೇಳಿದರು. ಹನೋಕ ಎದ್ದು ನಿಂತ. "ಲ್ಯಾಟಿನ್ ಬಾರದ ರೈತನಿಗೂ ಸತ್ಯವೇದ ಅವನ ಮಾತಿನಲ್ಲೇ ಸಿಗಬೇಕು ಅಂದವನು ನಿಮ್ಮವನೇ ವಿಕ್ಲಿಫ್. ಪೋಪಿಗಿಂತ ದೇವರ ವಾಕ್ಯ ದೊಡ್ಡದು ಅಂದ. ನನ್ನ ಹೆಂಡತಿಗೆ ನಿಮ್ಮ ಇಂಗ್ಲಿಷೇ ಲ್ಯಾಟಿನ್" ಎಂದು ಅವರ ಇಂಗ್ಲಿಷಿನಲ್ಲೇ ಹೇಳಿದ. ಹಿರಿಯರ ಮಾತು ಒಪ್ಪದವರಿಗೆ ಬಾಗಿಲು ತೆರೆದಿದೆ ಎಂದು ಒಬ್ಬರು ಹೇಳಿದರು. ಹನೋಕ ಹೊರಟೇಬಿಟ್ಟ. ಅವನ ಹಿಂದೆ ಆ ಸಭೆಯಲ್ಲಿದ್ದ ನಾಲ್ಕು ಕನ್ನಡದ ಮನೆಯವರು ಹೊರಟರು.

ಸ್ಕೌಟ್ ಹಾಲ್ ಒಂದನ್ನು ಬಾಡಿಗೆಗೆ ಹಿಡಿದರು. ಮೊದಲ ದಿನ ಸತ್ಯವೇದ ಓದಲು ಹನೋಕ ಸುಶೀಲಾಳನ್ನೇ ಕರೆದ. ನಾಲ್ಕು ಸಾಲು ಓದಿ ಅವಳು ಪುಸ್ತಕವನ್ನು ಗಂಡನ ಕೈಗೆ ಕೊಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುಂದಿನದನ್ನು ಅವನೇ ಓದಿ ಮುಗಿಸಿದ.

ಆಮೇಲೆ ಪ್ರಸಂಗವೆಲ್ಲ ಹನೋಕನದೇ. ಸತ್ತು ದಶಕಗಳಾದ ಮೇಲೆ ಪೋಪನ ಕಡೆಯವರು ವಿಕ್ಲಿಫ್‌ನ ಎಲುಬು ಅಗೆಸಿ, ಸುಟ್ಟು, ಬೂದಿಯನ್ನು ಹೊಳೆಗೆ ಚೆಲ್ಲಿಸಿದ ಕತೆಯನ್ನು ವರ್ಷಕ್ಕೊಮ್ಮೆಯಾದರೂ ಹೇಳುತ್ತಿದ್ದ. "ಯಾವ ಹಿರಿಯನೂ ವಾಕ್ಯಕ್ಕಿಂತ ಹಿರಿಯ ಅಲ್ಲ. ಅದು ಎಲ್ಲಾರ ಕೈಯಾಗ ಇರಬೇಕು, ಅವರವರಿಗೆ ತಿಳಿಯೋ ಮಾತಿನಾಗ ಇರಬೇಕು" ಎನ್ನುತ್ತಿದ್ದ. ಕರ್ನಾಟಕದಿಂದ ಬಂದ ನರ್ಸುಗಳು ಸೇರಿಕೊಂಡರು. ಮೈಸೂರಿನ ಅಭಯ್ ಎಂಬ ಫಿಸಿಯೋಥೆರಪಿಸ್ಟ್ ಬಂದ, ಗಿಟಾರ್ ನುಡಿಸಿದ, ಹನೋಕನಿಗೆ ಬಲಗೈಯಾದ. ಮಕ್ಕಳು ದೊಡ್ಡವರಾಗಿ ಹಿಂದಿನ ಸಾಲಿಗೆ ಸರಿದು ಫೋನು ನೋಡತೊಡಗಿದರು. ಅವರಲ್ಲಿ ಹನೋಕನ ಮಗಳು ನಿಶಾ ಕೂಡ ಇದ್ದಳು. ಈ ದೇಶಕ್ಕೆ ಬಂದಾಗ ಅವಳಿನ್ನೂ ಕೂಸು.

2019ರಲ್ಲಿ ಒಂದು ಭಾನುವಾರ, ಆರಾಧನೆ ಮುಗಿದು ಚಹಾ ಕೊಡುವ ಮೊದಲು, ಯೂನಿವರ್ಸಿಟಿಯಲ್ಲಿ ಓದುತ್ತಿದ್ದ ನಿಶಾ ಎದ್ದು ನಿಂತಳು.

"ಪಪ್ಪಾ, ನಿಮ್ಮ ಸರ್ಮನ್ ನಮಗ ಅರ್ಥ ಆಗಲ್ಲ. ಮನೆ ಕನ್ನಡ ಓಕೆ, ಸತ್ಯವೇದದ ಕನ್ನಡ ನೋ ಐಡಿಯಾ. ಸರ್ವಿಸ್ ಇಂಗ್ಲಿಷ್‌ನಲ್ಲಿ ಮಾಡೋಣ."

"ಕನ್ನಡ ಕಲೀರಿ" ಎಂದ ಹನೋಕ.

"ವಿಕ್ಲಿಫ್ ಆ ರೈತಗ ಲ್ಯಾಟಿನ್ ಕಲಿ ಅಂದ್ನಾ, ಪಪ್ಪಾ?"

ಯಾರೋ ನಕ್ಕರು. ಈ ವಾದಕ್ಕೆ ಎದುರು ವಾದವನ್ನು ಹನೋಕ ಎಂದೂ ಹುಡುಕಿರಲಿಲ್ಲ. ಅದು ತನ್ನ ಕಡೆಗೇ ಇರುತ್ತದೆ ಎಂದು ನಂಬಿದ್ದ.

"ಈ ಸಭಾ ಕಟ್ಟಿದವ ನಾನು. ಇಲ್ಲಿ ಏನು ನಡೀಬೇಕು ಅನ್ನೋದು ನಾ ಹೇಳ್ತೀನಿ. ಒಪ್ಪದವರಿಗೆ ಬಾಗಿಲಾ ತೆರೆದೈತಿ" ಎಂದುಬಿಟ್ಟ. ಮಾತು ಬಾಯಿಂದ ಬಿದ್ದ ಮೇಲೆ, ಅದನ್ನು ಮೊದಲು ಎಲ್ಲಿ ಕೇಳಿದ್ದೆ ಎಂಬುದು ನೆನಪಾಯಿತು. ಆದರೂ ಹಿಂದೆ ತೆಗೆದುಕೊಳ್ಳಲಿಲ್ಲ.

ಅಭಯ್ ತನ್ನ ಪರವಾಗಿ ಮಾತಾಡಲಿ ಎಂದು ಅವನತ್ತ ನೋಡಿದ.

"ಅಂಕಲ್, ಬೇಜಾರು ಮಾಡ್ಕೋಬೇಡಿ. ಎಲ್ಲರ ಕೈ ಎತ್ತಿಸಿ ನೋಡೋಣ" ಎಂದ ಅಭಯ್. "ಸಭೆ ಒಬ್ಬರದಲ್ಲ ಅಂತ ನಮಗೆ ಹೇಳಿಕೊಟ್ಟೋರು ನೀವೇ ಅಲ್ವಾ?"

ಹಿಂದಿನ ಸಾಲಿನ ಕೈಗಳೆಲ್ಲ ಒಟ್ಟಿಗೆ ಎದ್ದವು. ಅವರ ಅಪ್ಪ ಅಮ್ಮಂದಿರು ಹನೋಕನ ಮುಖ ನೋಡದೆ ಒಬ್ಬೊಬ್ಬರಾಗಿ ಎತ್ತಿದರು. ಕಡೆಗೆ ಮುಂದಿನ ಸಾಲಿನಲ್ಲಿ, ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ಕೂತಿದ್ದ ಸುಶೀಲಾ ಕೈ ಎತ್ತಿದಳು.

ಮನೆಗೆ ಬಂದ ಮೇಲೆ ಹನೋಕ ಬೂಟು ಕೂಡ ಬಿಚ್ಚಲಿಲ್ಲ.

"ನಿನ್ನ ಸಲುವಾಗಿ ನಾ ಆ ಸಭಾ ಬಿಟ್ಟೆ."

"ಗೊತ್ತೈತ್ರಿ."

"ಇಂಗ್ಲಿಷ್‌ನಾಗ ಒಂದಕ್ಷರ ತಿಳೀತದೇನು ನಿನಗ?"

"ತಿಳಿಯಂಗಿಲ್ಲ. ಆದ್ರ ಮಗಳು ಬಾಜೂಕ ಕುಂದರ್ತಾಳ. ಬರೇ ಕನ್ನಡ ಅಂತ ಹಟ ಹಿಡದ್ರ ಅಕಿ ಬರೂದ ಬಿಡ್ತಾಳ್ರಿ. ಆಮ್ಯಾಲ ನಾ ಯಾರ ಜೋಡಿ ಪ್ರಾರ್ಥನಾ ಮಾಡ್ಲಿ?"

ನನ್ನ ಜೋಡಿ ಎಂದು ಹೇಳಬಹುದಿತ್ತು. ಹನೋಕ ಹೇಳಲಿಲ್ಲ. "ಹಂಗಾರ ಮತ್ತ ಗ್ವಾಡಿ ನೋಡ್ಕೋತ ಕುಂದ್ರು" ಎಂದ.

ಆರಾಧನೆ ಇಂಗ್ಲಿಷಿಗೆ ತಿರುಗಿತು. ಪ್ರಸಂಗ ಅಭಯ್‌ನದಾಯಿತು. ಸುಶೀಲಾಳಿಗೆ ಕಾರು ಓಡಿಸಲು ಬಾರದ್ದರಿಂದ ಪ್ರತಿ ಭಾನುವಾರ ಹನೋಕನೇ ಕರೆದೊಯ್ದು ಬಿಡುತ್ತಿದ್ದ. ತಾನು ಮಾತ್ರ ಒಳಗೆ ಕಾಲಿಡುತ್ತಿರಲಿಲ್ಲ. ಸ್ಕೌಟ್ ಹಾಲ್ ಎದುರು ಕಾರಿನಲ್ಲೇ ಕೂತಿರುತ್ತಿದ್ದ. ಹೊರಗೆ ಬಂದ ಮಂದಿ ಮೊದಮೊದಲು ಕಿಟಕಿಯ ಹತ್ತಿರ ಬಂದು ಮಾತಾಡಿಸುತ್ತಿದ್ದರು. ಆಮೇಲೆ ದೂರದಿಂದಲೇ ಕೈಬೀಸಿದರು. ಬರಬರುತ್ತ ಅದೂ ನಿಂತಿತು.

ಒಂದು ಭಾನುವಾರ ಸುಶೀಲಾ ಏನೋ ಯೋಚಿಸುತ್ತಲೇ ಬಂದು ಕಾರು ಹತ್ತಿದಳು.

"ರೀ, ವಿನ್‌ಯರ್ಡ್ ಅಂದ್ರೇನ್ರಿ? ಅಭಯ್ ಮತ್ತ ಮತ್ತ ಅದನ್ನೇ ಅಂದ. ಅದೊಂದು ತಿಳಿದಿದ್ರ ಉಳಿದದ್ದೂ ತಿಳೀತಿತ್ತು ಅನಸ್ತು."

ದ್ರಾಕ್ಷಿತೋಟ. ಪದ ಹನೋಕನ ನಾಲಿಗೆಯ ತುದಿಗೆ ಬಂದಿತ್ತು. ಆ ತೋಟಕ್ಕೆ ತಡವಾಗಿ ಬಂದ ಕೂಲಿಗಳ ಸತ್ಯವೇದದ ಕತೆ ಸುಶೀಲಾಳಿಗೆ ಕನ್ನಡದಲ್ಲಿ ಬಾಯಿಪಾಠವಾಗಿತ್ತು. ಅದನ್ನು ಅವಳಿಗೆ ಹೇಳಿದವನು ಅವನೇ. ಆ ಒಂದು ಪದ ಕೊಟ್ಟಿದ್ದರೆ, ಒಳಗೆ ಕೂತು ಕೇಳಿದ್ದೆಲ್ಲ ಅವಳದಾಗುತ್ತಿತ್ತು.

"ಮಗಳ್ನ ಕೇಳು" ಎಂದು ಹನೋಕ ಕಾರು ಚಾಲೂ ಮಾಡಿದ.

ಸುಶೀಲಾ ಸೀಟ್ ಬೆಲ್ಟ್ ಹಾಕಿಕೊಂಡು ಮುಂದಿನ ರಸ್ತೆ ನೋಡುತ್ತ ಕೂತಳು. ಅದಾದ ಮೇಲೆ ಯಾವ ಪದದ ಅರ್ಥವನ್ನೂ ಅವಳು ಅವನನ್ನು ಕೇಳಲಿಲ್ಲ.