ಎರಡನೇ ಮಹಡಿಯ ತಿರುವು

ಹೆಣದ ಪೆಟ್ಟಿಗೆ ಎರಡನೇ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡಿತು. ಒಳಗೆ ಬೀರು ಮೇಸ್ತ್ರಿ ಮಲಗಿದ್ದ. ನಲವತ್ತು ವರ್ಷ ಕಂಡವರ ಬೀರು, ಮಂಚಗಳನ್ನು ಮೆಟ್ಟಿಲು ಹತ್ತಿಸಿ ಇಳಿಸಿದವನನ್ನು ಇಳಿಸಲು ನಾಲ್ಕು ಗಂಡಸರಿಂದ ಆಗುತ್ತಿರಲಿಲ್ಲ.

"ಎಡಕ್ಕೆ ತಳ್ಳೋ," ಎಂದ ಮೇಸ್ತ್ರಿಯ ತಮ್ಮ.

"ಎಡಕ್ಕೆ ಗೋಡೆ ಇದೆ. ಕಣ್ಣು ಜೇಬಲ್ಲಿ ಇಟ್ಕೊಂಡಿದೀಯಾ?" ಎಂದ ಗೂಟಣ್ಣ. ಮೇಸ್ತ್ರಿಯ ಜೊತೆ ಮೂವತ್ತು ವರ್ಷ ಭಾರ ಹೊತ್ತವನು. ಈಗ ಕೆಳತುದಿಯನ್ನು ಮೊಣಕಾಲಿಗೆ ಆನಿಸಿಕೊಂಡು ನಿಂತಿದ್ದ.

ಮೇಸ್ತ್ರಿಯ ಮಗಳು ಮೆಟ್ಟಿಲ ಕಂಬಿ ದಾಟಿ ಕೆಳಗಿಳಿದಳು. "ಬಿಡು ಗೂಟಣ್ಣ, ಈ ತುದಿ ನಾನು ಹಿಡೀತೀನಿ."

"ಹೊಟ್ಟೆ ಆಪರೇಷನ್ ಆದವಳು ತೆಪ್ಪಗಿರು," ಎಂದ ಚಿಕ್ಕಪ್ಪ. "ನಾಳೆಯಿಂದ ಅಣ್ಣನ ಆಳುಗಳನ್ನೂ ನಾನೇ ನೋಡ್ಕೋತೀನಿ."

ಎರಡನ್ನೂ ಒಂದೇ ಉಸಿರಿಗೆ ಹೇಳಿದ. ಅಣ್ಣನ ಹೆಣ ಇನ್ನೂ ಹೊಸಿಲು ದಾಟಿ ಎರಡು ಮಾರು ಬಂದಿರಲಿಲ್ಲ.

*

ಹೋದ ವರ್ಷ, ಹೆರಿಗೆಯ ನಂತರ, ಮಗಳ ಹೊಕ್ಕುಳಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಎದ್ದಿತ್ತು. ಹರ್ನಿಯಾ. ಅಪ್ಪನಿಗೂ ಹಿಂದೆ ಅದೇ ಆಗಿತ್ತು.

"ನನಗೆ ಮಾಡಿದ ಹಾಗೇ ಕೊಯ್ದು ಹೊಲೀರಿ," ಮೇಸ್ತ್ರಿ ಅಂಗಿ ಎತ್ತಿ ಡಾಕ್ಟರಮ್ಮನಿಗೆ ಹಳೇ ಹೊಲಿಗೆಯ ಗೆರೆ ತೋರಿಸಿದ. "ಸಣ್ಣ ತೂತಲ್ಲಿ ಕ್ಯಾಮೆರಾ ತೂರಿಸೋ ಆಟ ಬೇಡ. ಬಾಗಿಲು ತೆಗೀದೆ ಕಿಟಕಿಯಿಂದ ಬೀರು ಒಳಗಿಡ್ತಾರಾ?"

"ನೀವು ಯಾವತ್ತೂ ಇಟ್ಟಿಲ್ವಾ?" ಡಾಕ್ಟರಮ್ಮ ಕೇಳಿದರು.

ಮೇಸ್ತ್ರಿ ಅಂಗಿ ಕೆಳಗಿಳಿಸಿದ. ಇಟ್ಟಿದ್ದ. ಹಲಗೆ ಹಲಗೆ ಬಿಚ್ಚಿ, ಎಷ್ಟೋ ಸಲ.

"ನಿಮ್ಮದು ಬೆರಳು ತೂರುವಷ್ಟು ಕಿಂಡಿ. ಕೊಯ್ದು ಮುಚ್ಚಿದ್ದು ಸರಿಯೇ. ಇವಳದು ಅಗಲ, ಮೈಯೂ ದಪ್ಪ. ಕೊಯ್ದರೆ ಗಾಯ ಕೀವಾಗೋ ಭಯ ಜಾಸ್ತಿ. ಸಣ್ಣ ತೂತುಗಳಿಂದ ಹೋಗಿ ಒಳಗೆ ಕಿಂಡಿ ಮುಚ್ಚೋ ಬಲೆ ಹಾಸ್ತೀನಿ."

"ಆಮೇಲೆ ಭಾರ ಎತ್ತಬಹುದಾ?" ಮಗಳು ಕೇಳಿದ್ದು ಇದೊಂದೇ.

"ಮೂರು ತಿಂಗಳು ತಡೀಮ್ಮ. ಮತ್ತೆ ಬಂದು ತೋರಿಸು, ಆಮೇಲೆ ಎತ್ತು."

ಡಾಕ್ಟರಮ್ಮ ಪರೀಕ್ಷಿಸಿ ಆಗಲಿ ಎಂದ ಮರುದಿನವೇ ಅಪ್ಪ ಹೊರುವ ಪಟ್ಟಿಯನ್ನು ಅವಳ ಹೆಗಲಿಗೆ ಹಾಕಿದ. ಮೊದಲು ಕುರ್ಚಿ, ಆಮೇಲೆ ಮೇಜು, ಕೊನೆಗೆ ಬೀರು. "ಹೊಟ್ಟೇಲಿ ಎತ್ತಬೇಡ ಕತ್ತೆ, ತೊಡೇಲಿ ಎತ್ತು," ಎಂದು ಬೈದು ಕಲಿಸಿದ.

*

"ಪೆಟ್ಟಿಗೆ ನೆಟ್ಟಗೆ ನಿಲ್ಲಿಸಿ," ಎಂದಳು ತಿರುವಿನಲ್ಲಿ ನಿಂತ ಮಗಳು.

"ಅಣ್ಣನ್ನ ನಿಲ್ಲಿಸ್ತೀಯಾ? ಹೆಣಕ್ಕೆ ಮರ್ಯಾದೆ ಬೇಡ್ವಾ?"

"ಅಪ್ಪ ಬದುಕಿದ್ದಾಗ ಕೂತಿದ್ದು ಯಾವಾಗ ಚಿಕ್ಕಪ್ಪ?"

ಗೂಟಣ್ಣ ಕಣ್ಣೀರಿನ ನಡುವೆಯೇ ನಕ್ಕುಬಿಟ್ಟ. ಮೇಸ್ತ್ರಿಯ ಪಾದದ ಕಡೆಯನ್ನು ನೆಲಕ್ಕೂರಿ, ಒಂದು ಮೂಲೆಯ ಮೇಲೆ ಪೆಟ್ಟಿಗೆಯನ್ನು ಗಿರಕಿ ತಿರುಗಿಸಿದರು. ಗೋಡೆಯ ಸುಣ್ಣ ಕೂಡ ಉದುರಲಿಲ್ಲ. ಅವಳು ಕೆಳತುದಿಗೆ ಪಟ್ಟಿ ಹಾಕಿ ಕುಕ್ಕರುಗಾಲಿನಿಂದ ಎದ್ದಳು. ಭಾರವೆಲ್ಲ ತೊಡೆಗೆ ಇಳಿಯಿತು. ಹೊಟ್ಟೆ ಕಲ್ಲಿನ ಹಾಗೆ ನಿಂತಿತು. "ಒಂದು," ಎಂದಳು. ಒಂದು ಮೆಟ್ಟಿಲು. "ಒಂದು." ಇನ್ನೊಂದು. ಮೂವತ್ತೆರಡು ಮೆಟ್ಟಿಲನ್ನೂ ಹಾಗೇ ಇಳಿಸಿದಳು.

ಬೀದಿಯಲ್ಲಿ ಪೆಟ್ಟಿಗೆ ಹೆಗಲೇರಿತು. ಮುಂದೆ ಒಂದು ಕಡೆ ಅವಳು, ಇನ್ನೊಂದು ಕಡೆ ಚಿಕ್ಕಪ್ಪ. ಹಿಂದೆ ಗೂಟಣ್ಣ ಮತ್ತು ಇನ್ನೊಬ್ಬ ಆಳು.

"ನಡೀರಿ," ಎಂದ ಚಿಕ್ಕಪ್ಪ.

ಆಳುಗಳ ಕಾಲು ಕದಲಲಿಲ್ಲ. ಇಬ್ಬರೂ ಅವಳ ಬೆನ್ನನ್ನೇ ನೋಡುತ್ತ, ಅವಳು 'ಒಂದು' ಎನ್ನಲೆಂದು ಕಾದರು. ಚಿಕ್ಕಪ್ಪ ಎತ್ತಿದ ಕಾಲು ಗಾಳಿಯಲ್ಲೇ ಉಳಿಯಿತು.