ಕಾರಣ ಹೇಳಬೇಕಿಲ್ಲ

ರೇವತಿ ಟೇಪ್ ರೆಕಾರ್ಡರನ್ನು ಟೀಪಾಯಿಯ ಮೇಲಿಡುವ ಮೊದಲು ತನ್ನ ಕರವಸ್ತ್ರವನ್ನು ಮಡಿಸಿ ಹಾಸಿದಳು, ಗಾಜಿಗೆ ಗೀರು ಬೀಳದಿರಲೆಂದು. ಸದ್ದು ಬರುತ್ತದೆಂದು ಫ್ಯಾನ್ ಆರಿಸಿದವಳು, ನನ್ನ ಕುತ್ತಿಗೆಯ ಬೆವರು ಕಂಡು ಮತ್ತೆ ಎದ್ದು ಹಾಕಿದಳು.

"ಸದ್ದು ಬಂದ್ರೆ ಬರ್ಲಿ ಬಿಡಿ ಅಮ್ಮ."

ಕ್ಯಾನ್ಸರ್ ಬಂದವರು, ಅವರನ್ನು ನೋಡಿಕೊಳ್ಳುವವರು ಏನೇನು ಅನುಭವಿಸುತ್ತಾರೆ ಎಂಬುದು ಅವಳ ಸಂಶೋಧನೆಯ ವಿಷಯ. ಆಸ್ಪತ್ರೆಯ ಸಾಲಿನಲ್ಲಿ ಸಿಕ್ಕಿದ್ದಳು. ನಾನು ಎದ್ದು ಹೋಗಿ ವಾಂತಿ ಮಾಡಿ ಬರುವವರೆಗೂ ನನ್ನ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅದಕ್ಕೇ ಒಪ್ಪಿದೆ. ಇಲ್ಲದಿದ್ದರೆ ನನಗೆ ಯಾರೊಡನೆಯೂ ಮಾತು ಬೇಕಿರಲಿಲ್ಲ. ನಿದ್ದೆ ಮಾಡಿ ಎದ್ದರೂ ಹೋಗದ ಆಯಾಸ ಅದು.

ವರ್ಷವೆಲ್ಲ ಔಷಧಿ ಏರಿಸಿಕೊಂಡರೂ ಕಾಯಿಲೆ ಎದೆಯಿಂದ ಲಿವರಿಗೆ ಹೋಗಿತ್ತು. ಬೇರೊಂದು ಔಷಧಿ ಕೊಟ್ಟು ನೋಡಬಹುದು, ವಾಸಿಯಂತೂ ಆಗುವುದಿಲ್ಲ, ಕೆಲವು ತಿಂಗಳು ಸಿಕ್ಕರೆ ಸಿಗಬಹುದು ಎಂದಿದ್ದರು ಡಾಕ್ಟರು. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಯಜಮಾನರು, ಹಯಗ್ರೀವ, "ತಗೋತೀವಿ ಡಾಕ್ಟ್ರೇ" ಎಂದುಬಿಟ್ಟರು. ಸೋಮವಾರ ಶುರುವಾಗಬೇಕಿತ್ತು.

ನನಗದು ಬೇಡವಾಗಿತ್ತು. ಆದರೆ ವಾಸನೆ ನನಗೆ ಆಗದೆಂದು ಮನೆಯಲ್ಲಿ ಕಾಫಿ ಮಾಡುವುದನ್ನೇ ಬಿಟ್ಟ ಮನುಷ್ಯನಿಗೆ ಹೇಗೆ ಹೇಳುವುದು?

"ಮೊದ್ಲೇ ಹೇಳ್ಬಿಡ್ತೀನಿ ಅಮ್ಮ," ಎಂದಳು ರೇವತಿ. "ನೀವು ಯಾವಾಗ ಬೇಕಾದ್ರೂ ಸಾಕು ಅನ್ನಬಹುದು. ಕಾರಣ ಹೇಳಬೇಕಿಲ್ಲ. ನಿಮ್ಮ ಚಿಕಿತ್ಸೆಗೂ ತೊಂದ್ರೆ ಆಗಲ್ಲ."

ಇವರಿಗೆ ಅದು ಹಿಡಿಸಲಿಲ್ಲ. "ಅರ್ಧಕ್ಕೆ ಬಿಟ್ರೆ ಕೆಲಸ ಕೆಡಲ್ವೇನಮ್ಮ?"

"ಕೆಟ್ರೆ ನನ್ನ ಕೆಲಸ ಕೆಡುತ್ತೆ ಸಾರ್. ಅಮ್ಮಂದೇನೂ ಕೆಡಲ್ಲ."

ಇವರು ದೂರವಾಣಿ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದು ನಿವೃತ್ತರಾದವರು. ಒಂದು ತಿರುಪನ್ನು ವಾಪಸು ಕಳಿಸಬೇಕಾದರೂ ಕಾರಣ ಬರೆದು ಸಹಿ ಹಾಕಬೇಕಿದ್ದ ವಿಭಾಗ. ತಲೆ ಆಡಿಸುತ್ತಾ ದಿವಾನದ ಮೇಲೆ ಕೂತರು.

"ಔಷಧಿ ಶುರುವಾದಾಗ ಹೇಗಿತ್ತಮ್ಮ?"

"ಮೊದಲ್ನೇ ಸಲ ನಮಗೆ ಬರೀ ವಾಂತಿ," ಎಂದರು ಇವರು. "ಎರಡನೇ ಸಲಕ್ಕೆ ಕೂದ್ಲೆಲ್ಲ ಹೋಯ್ತು."

ರೇವತಿ ಅವರ ಬೆಳ್ಳಗಿನ ದಟ್ಟ ಕೂದಲನ್ನೇ ನೋಡಿದಳು. "ನಿಮ್ಮದು ಚೆನ್ನಾಗೇ ಇದೆಯಲ್ಲ ಸಾರ್!"

ನನಗೆ ಎಷ್ಟೋ ದಿನಗಳ ಮೇಲೆ ನಗು ಬಂತು. ಇವರೂ ನಕ್ಕು, ತಲೆ ಸವರಿಕೊಂಡರು. ನಿಮ್ಮದನ್ನೂ ಕೇಳ್ತೀನಿ ಸಾರ್, ಈಗ ಅಮ್ಮ ಹೇಳ್ಲಿ ಎಂದಳು ಅವಳು. ಆಮೇಲೆ ಇವರು ತುಟಿ ಬಿಗಿದುಕೊಂಡೇ ಕೂತರು.

ನಾನು ಹೇಳುತ್ತಾ ಹೋದೆ. ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ ರೇವತಿ, "ಮುಂದುವರಿಸೋಣವಾ?" ಎಂದು ಕೇಳುವಳು. ನಾನು ಹೂಂ ಅಂದ ಮೇಲೆಯೇ ಮುಂದಿನ ಪ್ರಶ್ನೆ. ಆ ವರ್ಷವೆಲ್ಲ ನನ್ನ ತೋಳು ಹಿಡಿದು ಸೂಜಿ ಚುಚ್ಚಿದವರು ಒಳ್ಳೆಯವರೇ. ಆದರೆ ಯಾರೂ ಹೀಗೆ ಕೇಳಿರಲಿಲ್ಲ.

"ಇನ್ನೊಂದು ಔಷಧಿ ಶುರು ಮಾಡೋಣ ಅಂದಾಗ ನಿಮಗೇನನ್ನಿಸ್ತು?"

ಟೇಪು ತಿರುಗುತ್ತಿತ್ತು. ಇವರು ನನ್ನನ್ನೇ ನೋಡುತ್ತಿದ್ದರು.

"ಇವತ್ತಿಗೆ ಸಾಕಮ್ಮ," ಎಂದೆ.

ರೇವತಿ ಕೂಡಲೇ ಗುಂಡಿ ಒತ್ತಿದಳು. "ಆಯ್ತಮ್ಮ."

"ಯಾಕೆ, ಚೆನ್ನಾಗೇ ಹೇಳ್ತಿದ್ದೆಯಲ್ಲೇ..." ಎಂದರು ಇವರು.

"ಸಾರ್, ಕಾರಣ ಕೇಳೋ ಹಾಗಿಲ್ಲ," ಎಂದು ರೇವತಿ ಮೆತ್ತಗೆ ಹೇಳಿ ಕರವಸ್ತ್ರ ಮಡಿಸಿಕೊಂಡಳು. ಇವರು ಅವಳನ್ನು ಬಸ್ ಸ್ಟಾಪಿನವರೆಗೆ ಬಿಟ್ಟುಬಂದರು.

ಸೋಮವಾರ ಆಸ್ಪತ್ರೆಗೆ ಹೊರಟೆವು. ರೈಲು ಹಳಿಯ ಮೇಲೆ ತೂಗುಸೇತುವೆ ಹೊಸದಾಗಿ ಆಗಿದ್ದರೂ ಟಿನ್ ಫ್ಯಾಕ್ಟರಿ ಸ್ಟಾಪು ದಾಟುವುದಕ್ಕೇ ಬಸ್ಸಿಗೆ ಹೊತ್ತು ಹಿಡಿಯಿತು. ನನ್ನ ತಲೆಯ ಬಟ್ಟೆ ನೋಡಿ, ಕಟ್ಟಡದ ಕೆಲಸಕ್ಕೆ ಹೊರಟಿದ್ದ ಹೆಂಗಸೊಬ್ಬಳು ಬುತ್ತಿ ಗಂಟಿನ ಸಮೇತ ಎದ್ದು, "ಕುಂದರ್ರಿ ಯವ್ವಾ" ಎಂದಳು. ಹಲಸೂರು ಬರುವವರೆಗೂ ನನ್ನ ಮೇಲೆ ಜನ ಬೀಳದಂತೆ ಅಡ್ಡ ನಿಂತಿದ್ದಳು. ನಮ್ಮವರು ಆಸ್ಪತ್ರೆಯ ಫೈಲು, ನಿಂಬೆಹಣ್ಣು ಮತ್ತು ವಾಂತಿಗೆಂದು ಪ್ಲಾಸ್ಟಿಕ್ ಕವರು ಇದ್ದ ಚೀಲ ಎಲ್ಲ ಎದೆಗವಚಿಕೊಂಡು ಪಕ್ಕದಲ್ಲೇ ನಿಂತಿದ್ದರು.

ಶಿವಾಜಿನಗರದಲ್ಲಿ ಬಸ್ಸು ಬದಲಾಯಿಸಬೇಕು. ಆಸ್ಪತ್ರೆಯ ಕಡೆಯ ಬಸ್ಸು ನಿಂತೇ ಇತ್ತು. ನಾನು ಕಂಬಿಗೆ ಕೈ ಹಾಕಿದೆ. ಇವರು ಹಿಂದೆಯೇ ನಿಂತುಬಿಟ್ಟರು.

"ಅನಸೂಯಾ," ಎಂದರು. ಆಮೇಲೆ, ರೇವತಿ ಕೇಳುತ್ತಿದ್ದ ಹಾಗೆಯೇ, "ಮುಂದುವರಿಸೋಣವಾ?"

"ಹತ್ತೀರಾ ಇಲ್ವಾ ಸ್ವಾಮಿ?" ಎಂದು ಕಂಡಕ್ಟರ್ ಕೂಗಿದ.

"ಸ್ವಲ್ಪ ಇರಪ್ಪಾ!" ಎಂದು ಇವರು ಗದರಿದರು. ಇವರು ಯಾರನ್ನೂ ಗದರುವವರಲ್ಲ. ನನ್ನ ಕಡೆ ತಿರುಗಿ ದನಿ ಇಳಿಸಿದರು. "ಮೊನ್ನೆ ಬಸ್ ಸ್ಟಾಪಲ್ಲಿ ಆ ಹುಡುಗೀನ ಕೇಳ್ದೆ ಕಣೇ, ಸಾಕು ಅನ್ನಬಹುದು ಅನ್ನೋ ಈ ರೂಲ್ಸು ಆಸ್ಪತ್ರೇಲೂ ಇದೆಯಾ ಅಂತ. ಇದೆ ಸಾರ್, ಯಾರೂ ಬಾಯಿಬಿಟ್ಟು ಹೇಳಲ್ಲ ಅಷ್ಟೇ ಅಂದ್ಳು."

ನಾನು ಕಂಬಿಯಿಂದ ಕೈ ತೆಗೆದೆ.

"ಸಾಕು ರೀ."

ಇವರ ಬಾಯಿ ತೆರೆಯಿತು. ಯಾಕೆ ಎನ್ನುವ ಮಾತು ಗಂಟಲಿಗೆ ಬಂದದ್ದು ನನಗೆ ಕಾಣಿಸಿತು. ಅದನ್ನು ನುಂಗಿಕೊಂಡರು. ಕಣ್ಣು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ, ಫೈಲು ಚೀಲ ಎಲ್ಲ ಹಿಡಿದಿದ್ದರು. ನಾನೇ ಸೆರಗಿನಿಂದ ಒರೆಸಿದೆ. ಬಸ್ಸು ಹೊರಟುಹೋಯಿತು.

"ಡಾಕ್ಟ್ರಿಗೆ ಹೇಳ್ಬೇಕಲ್ಲ," ಎಂದರು ಇವರು. "ನೋವಿಗೆ ಏನಾದ್ರೂ ಬರ್ಕೊಡ್ತಾರೆ. ನೀನೇ ಹೇಳು. ನಾನು ಪಕ್ಕದಲ್ಲಿರ್ತೀನಿ, ಮಧ್ಯೆ ಮಾತಾಡಲ್ಲ."

"ಮುಂದಿನ ಬಸ್ಸಿಗೆ ಹೋಗೋಣ. ಅಷ್ಟರಲ್ಲಿ ನೀವೊಂದು ಕಾಫಿ ಕುಡೀರಿ."

ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಎದುರಿನ ಅಂಗಡಿಯಿಂದ ಕಾಫಿ ತೆಗೆದುಕೊಂಡರು. ಅಭ್ಯಾಸದಂತೆ, ದೂರದಲ್ಲೇ ನಿಂತು, ನನಗೆ ಬೆನ್ನು ಮಾಡಿದರು.

"ಇಲ್ಲೇ ಬನ್ನಿ," ಎಂದು ಕರೆದೆ.

"ವಾಸನೆ ಬರುತ್ತಲ್ಲೇ?"

"ಬಂದ್ರೆ ಬರ್ಲಿ ಬಿಡಿ."

ಬಂದು ಪಕ್ಕದಲ್ಲಿ ಕೂತರು. ಲೋಟವನ್ನು ಮಾತ್ರ ನನಗೆ ದೂರವಿದ್ದ ಆ ಕಡೆಯ ಕೈಯಲ್ಲೇ ಹಿಡಿದುಕೊಂಡಿದ್ದರು.