ಮೂರನೆಯ ಸದಸ್ಯ

ತೀರಿಕೊಂಡ ಸುಭದ್ರಾಬಾಯಿಯ ಹಣೆಗೆ ವಿಭೂತಿ ಹಚ್ಚುತ್ತಿದ್ದ ಮಲ್ಕಮ್ಮ, ಅಂಗಳದ ಮಾತು ಕಿವಿಗೆ ಬಿದ್ದೊಡನೆ ಎದ್ದು ಹೊರಗೆ ಬಂದಳು.

"ಏನಂದ್ರಿ ಗೌಡ್ರ? ಇನ್ನೊಮ್ಮೆ ಹೇಳ್ರಿ."

ಅಫಜಲಪುರದ ವಿಜ್ಞಾನ ಸಂಘದ ಅಧ್ಯಕ್ಷ ದೌಲತರಾಯ ಹೂಮಾಲೆ ಹಿಡಿದು ನಿಂತಿದ್ದ.

"ಸಿಟ್ಟಾಗಬ್ಯಾಡ್ರಿ. ಸಂಘದ ಕಾಯ್ದೆ ಹೇಳಾಕತ್ತೇನಿ. ಸಮಿತಿ ಅಂದ್ರ ಮೂರು ಮಂದಿ ಇರಬೇಕು. ಅಕ್ಕೋರು ಹೋದ್ರು, ನೀವಿಬ್ಬರೇ ಉಳದ್ರಿ. ಹಾವಿನ ಸಮಿತಿ ಬರಖಾಸ್ತ ಆದಂಗ."

"ಅಂದ್ರ, ತಡಿಯೋರಿಲ್ಲಂತ ಆ ಹಾವಿನ ಮಂತ್ರದವಗ ಸಂಘದಿಂದ ಸನ್ಮಾನ ಮಾಡ್ತೀರಿ."

"ಸೋಮವಾರ ಮಾಡ್ತೇವಿ."

ಸಮಿತಿಯ ಇನ್ನೊಬ್ಬ ಸದಸ್ಯ, ದವಾಖಾನೆಯ ಕಂಪೌಂಡರ್ ಅಬ್ದುಲ್ ಗನಿ, ಹೆಣ ಹೊರುವ ಬಿದಿರಿಗೆ ಹಗ್ಗ ಬಿಗಿಯುತ್ತಲೇ ಹೇಳಿದ: "ಮೂರನೆಯವರನ್ನ ಆರಿಸೋ ಹಕ್ಕು ಉಳದವ್ರಿಗೆ ಅದ ಗೌಡ್ರ. ಅದೂ ಕಾಯ್ದೆನೇ."

"ಆರಿಸ್ರಿ. ಯಾರು ಬರ್ತಾರ ನಾನೂ ನೋಡ್ತೇನಿ."

*

ನೀರಿಗೊಂದು, ಮಣ್ಣಿಗೊಂದು, ಹಾವಿಗೊಂದು ಸಮಿತಿ ಬೇಕೆಂದು ಹಟ ಹಿಡಿದವಳು ಹೈಸ್ಕೂಲಿನ ವಿಜ್ಞಾನ ಶಿಕ್ಷಕಿ ಸುಭದ್ರಾಬಾಯಿಯೇ. ಆಯಾ ಸಮಿತಿಯ ಒಪ್ಪಿಗೆಯಿಲ್ಲದೆ ಅಧ್ಯಕ್ಷನೂ ನಿರ್ಣಯ ಮಾಡಬಾರದೆಂದು ಕಾಯ್ದೆಯಲ್ಲಿ ಸೇರಿಸಿದ್ದಳು. ಆಕೆಯ ಗಂಡ ನಾಗಣ್ಣನನ್ನು ಹಾವು ಕಚ್ಚಿದಾಗ ಊರವರು ಮಂತ್ರದವನ ಕಟ್ಟೆಯ ಮೇಲೆ ಮಲಗಿಸಿದ್ದರು. ಗುಲಬರ್ಗಾದ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಉಸಿರಿರಲಿಲ್ಲ.

ಎಂಬತ್ತೆಂಟರ ಬೇಸಿಗೆಯ ಸಭೆಯಲ್ಲಿ ದೌಲತರಾಯ ಅದೇ ಮಂತ್ರದವನ ಸನ್ಮಾನದ ಮಾತೆತ್ತಿದ್ದ.

"ನನ್ನ ಮಗ ಪ್ರಹ್ಲಾದನ್ನ ಅವನೇ ಉಳಿಸ್ಯಾನ್ರಿ ಅಕ್ಕೋರ." ಅವನು ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಿಯೂ ನಂಬಿದ್ದ.

"ಉಳದಾನ, ನನಗೂ ಸಂತೋಷ ಅದ. ಕಚ್ಚಿದ್ದು ಯಾವ ಹಾವು?"

"ಹಾವು ಹಾವೇ."

"ಅದನ್ನ ಕೇಳಾಕಂತನೇ ಈ ಸಮಿತಿ ಮಾಡೇವಿ. ನಮ್ಮ ಒಪ್ಪಿಗಿಲ್ಲ. ನಾ ಸಾಯೂ ತನಕ ಇಲ್ಲ."

"ಆಮ್ಯಾಲ?" ಹಿಂದಿನಿಂದ ಯಾರೋ ನಕ್ಕರು.

"ಆಮ್ಯಾಲನೂ ಇಲ್ಲ," ಎಂದು ಸೆರಗು ಸರಿಮಾಡಿಕೊಂಡು ಕುಳಿತಳು.

*

ಲಿಂಗಾಯತರ ಪದ್ಧತಿಯಂತೆ ಸಮಾಧಿಯ ಕುಣಿಯಲ್ಲಿ ದೇಹವನ್ನು ಕೂಡಿಸಿದರು. ಅದು ಒರಗದಂತೆ ಬೆನ್ನಿಗೆ ತೋಳು ಕೊಟ್ಟು ಒಳಗೆ ನಿಂತವನು ದೌಲತರಾಯನ ಮಗ ಪ್ರಹ್ಲಾದ. ಸುಭದ್ರಾಬಾಯಿಯ ಕೈಯಲ್ಲಿ ಕಲಿತವನು, ಈಗ ತಾನೂ ಮಾಸ್ತರ.

ಮಲ್ಕಮ್ಮ ನೆರೆದವರ ಕಡೆ ತಿರುಗಿದಳು. "ಹಾವಿನ ಸಮಿತಿಗೆ ಮೂರನೆಯವರು ಬೇಕು. ಯಾರು ಬರ್ತೀರಿ?"

ಅರ್ಧ ಮಂದಿ ದೌಲತರಾಯನ ಹೊಲ ಮಾಡುವವರು. ಉಳಿದರ್ಧ ಅವನ ಮುಖ ನೋಡಿದರು.

"ಮಲ್ಕವ್ವಾ, ನನ್ನ ಹೆಸರು ಸೇರಿಸು." ಮಾತು ಕುಣಿಯೊಳಗಿಂದ ಬಂತು.

"ಲೇ ಪ್ರಹ್ಲಾದ!" ದೌಲತರಾಯ ಅಂಚಿಗೆ ಬಂದ. "ಆ ಮಂತ್ರದವ ಇರಲಿಲ್ಲಂದ್ರ ನೀ ಎಲ್ಲಿರ್ತಿದ್ದಿ?"

"ಇಲ್ಲೇ ಇರ್ತಿದ್ದೆ ಅಪ್ಪಾ. ನನಗ ಕಚ್ಚಿದ್ದು ಕೇರೆಹಾವು. ಅದಕ್ಕ ವಿಷಾನೇ ಇರಂಗಿಲ್ಲ. ಕಣ್ಣಾರೆ ಕಂಡು ಅವತ್ತೇ ಹೇಳಿದ್ದೆ. ನೀ ಅಳಾಕತ್ತಿದ್ದಿ, ಕೇಳಲಿಲ್ಲ."

ಅಬ್ದುಲ್ ಗನಿ ಕೈ ಎತ್ತಿದ. ಮಲ್ಕಮ್ಮನೂ ಎತ್ತಿದಳು.

"ಮೂವರಾದಿವಿ," ಎಂದಳು. "ಸನ್ಮಾನಕ್ಕ ಏನಂತೀ ಪ್ರಹ್ಲಾದ?"

"ಒಪ್ಪಿಗಿಲ್ಲ."

ಸುತ್ತ ವಿಭೂತಿ ತುಂಬಿ ದೇಹ ತಾನೇ ಕೂರುವಂತಾದ ಮೇಲೆ ಪ್ರಹ್ಲಾದ ತೋಳು ಬಿಡಿಸಿಕೊಂಡ. ಮೇಲೆತ್ತಲು ದೌಲತರಾಯ ಬಗ್ಗಿ ಕೈ ಚಾಚಿದ. ಮಗ ಅಬ್ದುಲ್ ಗನಿಯ ಕೈ ಹಿಡಿದು ಹತ್ತಿ ಬಂದ.

ಚಾಚಿದ ಕೈ ಕುಣಿಯ ಮೇಲೆ ಹಾಗೆಯೇ ಉಳಿಯಿತು. ಮಲ್ಕಮ್ಮ ಅದರಲ್ಲಿ, ಕುಣಿಗೆ ಹಾಕಲೆಂದು, ಒಂದು ಹಿಡಿ ಮಣ್ಣು ಇಟ್ಟಳು.